1970ರಲ್ಲಿ ಆರು ಮತ ಕಡಿಮೆ ಬಿತ್ತು: ಅಮೆರಿಕದ ಎಲೆಕ್ಟೋರಲ್ ಕಾಲೇಜ್ ಉಳಿದುಕೊಂಡ ಕಥೆ

ಪುಣೆ, ಹೈದರಾಬಾದ್, ಚೆನ್ನೈ ಅಂತ ಊರೂರಲ್ಲಿ ಕೂತು ಅಮೆರಿಕದ ಕ್ಲೈಂಟ್‌ಗಳಿಗೆ ಕೆಲಸ ಮಾಡೋ ನಮಗೆ ಅಲ್ಲಿನ ಚುನಾವಣೆ ದೂರದ ಸುದ್ದಿ ಅಲ್ಲ. ಎಚ್-1ಬಿ ನಿಯಮ ಬದಲಾದರೆ ನಮ್ಮಲ್ಲೇ ಯಾರದೋ ಮನೆಯ ಲೆಕ್ಕಾಚಾರ ಬದಲಾಗುತ್ತೆ. ಹಾಗಾಗಿ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ನನಗೆ ಒಂದೇ ಪ್ರಶ್ನೆ ಬರುತ್ತೆ: "ಸರ್, ಹೆಚ್ಚು ಓಟು ಬಿದ್ದವರು ಸೋಲೋದು ಹೇಗೆ? ಅವರು ಆ ಪದ್ಧತಿಯನ್ನ ಯಾಕೆ ಕಿತ್ತು ಹಾಕಲ್ಲ?"

ಕಿತ್ತು ಹಾಕೋಕೆ ಹೊರಟಿದ್ದರು. ಒಂದು ಸಲ ಇನ್ನೇನು ಆಗೇಹೋಯಿತು ಅನ್ನೋ ಹಂತಕ್ಕೂ ಬಂದಿತ್ತು. ಇವತ್ತು ಆ ಕಥೆ ಹೇಳ್ತೀನಿ.

ಮೊದಲು ಪದ್ಧತಿ ಏನು ಅಂತ ಎರಡು ಮಾತು. ಇದು ಕಾಲೇಜು ಅಂತ ಹೆಸರಿದ್ದರೂ ಆ ಸದಸ್ಯರೆಲ್ಲ ಒಂದು ಕಡೆ ಸೇರೋದೇ ಇಲ್ಲ. ಒಟ್ಟು 538 ಎಲೆಕ್ಟರ್‌ಗಳು, ಗೆಲ್ಲೋಕೆ 270 ಬೇಕು. ಪ್ರತಿ ರಾಜ್ಯಕ್ಕೂ ಕೆಳಮನೆಯಲ್ಲಿ ಎಷ್ಟು ಸ್ಥಾನ ಇದೆಯೋ ಅದಕ್ಕೆ ಸೆನೆಟ್‌ನ 2 ಸೇರಿಸಿ ಅಷ್ಟು ಎಲೆಕ್ಟರ್‌ಗಳು. ಆ 2ರಿಂದಲೇ ಚಿಕ್ಕ ರಾಜ್ಯಗಳಿಗೆ ತೂಕ ಜಾಸ್ತಿ. 2020ರ ಜನಗಣತಿ ತಗೊಳ್ಳಿ: ವಯೋಮಿಂಗ್‌ನ ಸುಮಾರು 5.77 ಲಕ್ಷ ಜನಕ್ಕೆ 3 ಎಲೆಕ್ಟರ್, ಕ್ಯಾಲಿಫೋರ್ನಿಯಾದ 3.95 ಕೋಟಿ ಜನಕ್ಕೆ 54. ಅಂದರೆ ಅಲ್ಲಿ 1.92 ಲಕ್ಷ ಜನಕ್ಕೆ ಒಬ್ಬ, ಇಲ್ಲಿ 7.3 ಲಕ್ಷ ಜನಕ್ಕೆ ಒಬ್ಬ. ಇದರ ಮೇಲೆ 48 ರಾಜ್ಯಗಳಲ್ಲಿ ಒಂದು ಓಟು ಜಾಸ್ತಿ ಬಂದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳು ಹೋಗ್ತಾರೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಬೇರೆ.

ಇದು ಹುಟ್ಟಿದ್ದು 1787ರಲ್ಲಿ, ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಜನರೇ ನೇರವಾಗಿ ಆರಿಸಲಿ ಅಂದಿದ್ದರು. ಆದರೆ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಒಂದು ತೊಡಕನ್ನ ಬಿಚ್ಚಿಟ್ಟರು: ಓಟಿನ ಹಕ್ಕು ಉತ್ತರದಲ್ಲಿ ಹೆಚ್ಚು ಜನಕ್ಕಿದೆ, ದಕ್ಷಿಣದ ಗುಲಾಮರಿಗೆ ಓಟಿಲ್ಲ, ಹಾಗಾಗಿ ನೇರ ಚುನಾವಣೆಯಲ್ಲಿ ದಕ್ಷಿಣಕ್ಕೆ ಅವರ ಲೆಕ್ಕದಲ್ಲಿ ಏನೂ ಸಿಗಲ್ಲ. ಎಲೆಕ್ಟರ್ ಪದ್ಧತಿಯಲ್ಲಿ ಸಿಗುತ್ತೆ. ಯಾಕಂದ್ರೆ ಕೆಳಮನೆಯ ಸ್ಥಾನ ಹಂಚುವಾಗ ಗುಲಾಮರನ್ನ ಐದರಲ್ಲಿ ಮೂರರಷ್ಟು ಲೆಕ್ಕಕ್ಕೆ ಹಿಡೀತಿದ್ದರು. ಓಟು ಹಾಕೋ ಹಕ್ಕಿಲ್ಲದವರ ತಲೆ ಎಣಿಸಿ ಅವರ ಒಡೆಯರಿಗೆ ತೂಕ ಕೊಟ್ಟ ಹಾಗೆ. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಅಷ್ಟು ದೊಡ್ಡ ದೇಶದಲ್ಲಿ ಅಭ್ಯರ್ಥಿಗಳ ಪರಿಚಯ ಜನಕ್ಕೆ ಇರಲ್ಲ ಅನ್ನೋ ಚಿಂತೆಯೂ ಇತ್ತು, ಚಿಕ್ಕ ರಾಜ್ಯಗಳ ಭಯವೂ ಇತ್ತು. ಆದರೆ ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದ ಗುಲಾಮ ಮಾಲೀಕರೇ ಅಧ್ಯಕ್ಷರಾಗಿದ್ದರು ಅನ್ನೋದನ್ನ ಮರೆಯೋ ಹಾಗಿಲ್ಲ.

ಈಗ ನೇರವಾಗಿ 1968ಕ್ಕೆ ಬರೋಣ. ಕಣದಲ್ಲಿ ಮೂವರು: ರಿಚರ್ಡ್ ನಿಕ್ಸನ್, ಹ್ಯೂಬರ್ಟ್ ಹಂಫ್ರೀ ಮತ್ತು ಅಲಬಾಮಾದ ಜಾರ್ಜ್ ವಾಲೇಸ್. ವಾಲೇಸ್ ವರ್ಣಭೇದದ ಬಹಿರಂಗ ಪ್ರತಿಪಾದಕ. ತಾನು ಗೆಲ್ಲಲ್ಲ ಅಂತ ಅವನಿಗೂ ಗೊತ್ತಿತ್ತು. ಅವನ ಲೆಕ್ಕ ಬೇರೆ: ಯಾರಿಗೂ 270 ಬರಬಾರದು, ಆಮೇಲೆ ತನ್ನ ಎಲೆಕ್ಟರ್‌ಗಳನ್ನ ಇಟ್ಟುಕೊಂಡು ಚೌಕಾಸಿ ಮಾಡಬೇಕು. ನಮ್ಮ ಸಮ್ಮಿಶ್ರ ಸರ್ಕಾರಗಳನ್ನ ನೋಡಿದವರಿಗೆ ಈ ಆಟ ಹೊಸದೇನಲ್ಲ ಬಿಡಿ.

ಫಲಿತಾಂಶ ಬಂತು. ನಿಕ್ಸನ್ 301, ಹಂಫ್ರೀ 191, ವಾಲೇಸ್ 46. ಕಾಗದದ ಮೇಲೆ ಸುಲಭದ ಗೆಲುವು. ಆದರೆ ಜನರ ಓಟಿನಲ್ಲಿ ನಿಕ್ಸನ್‌ಗೆ ಶೇ. 43.4, ಹಂಫ್ರೀಗೆ ಶೇ. 42.7. ಕ್ಯಾಲಿಫೋರ್ನಿಯಾದಲ್ಲಿ ನಿಕ್ಸನ್ ಮುಂದಿದ್ದಿದ್ದು ಸುಮಾರು 2.23 ಲಕ್ಷ ಓಟಿನಿಂದ. ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಆ ಕಡೆಗೆ ವಾಲಿದ್ದರೆ ಅಲ್ಲಿನ 40 ಎಲೆಕ್ಟರ್‌ಗಳು ಹಂಫ್ರೀಗೆ ಹೋಗಿ ನಿಕ್ಸನ್ 261ಕ್ಕೆ ಇಳೀತಿದ್ದರು. ಯಾರಿಗೂ ಬಹುಮತ ಇಲ್ಲ. ವಾಲೇಸ್ ಕಾಯ್ತಾ ಕೂತಿದ್ದ ಗಳಿಗೆ ಅದೇ.

ಎರಡೂ ಪಕ್ಷಗಳಿಗೆ ಬೆವರು ಬಂತು. ಇಂಡಿಯಾನಾದ ಸೆನೆಟರ್ ಬರ್ಚ್ ಬೇ ಮತ್ತು ಕೆಳಮನೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಇಮ್ಯಾನುಯೆಲ್ ಸೆಲ್ಲರ್ ಸಂವಿಧಾನ ತಿದ್ದುಪಡಿ ತಂದರು. ಸರಳವಾದ ಸೂತ್ರ: ದೇಶದಾದ್ಯಂತ ಓಟು ಎಣಿಸಿ. ಕನಿಷ್ಠ ಶೇ. 40 ಪಡೆದು ಮುಂದಿರೋರು ಅಧ್ಯಕ್ಷ. ಯಾರಿಗೂ ಅಷ್ಟು ಬರದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. 1969ರ ಸೆಪ್ಟೆಂಬರ್ 18ರಂದು ಕೆಳಮನೆ ಇದನ್ನ 338ಕ್ಕೆ 70 ಮತಗಳಿಂದ ಪಾಸ್ ಮಾಡ್ತು. ಆಗಷ್ಟೇ ಆ ಪದ್ಧತಿಯಿಂದಲೇ ಗೆದ್ದಿದ್ದ ನಿಕ್ಸನ್ ಕೂಡ ಬೆಂಬಲ ಕೊಟ್ಟರು.

ಮುಂದೆ ಸೆನೆಟ್. ಅಲ್ಲಿ ಸ್ಟ್ರಾಮ್ ಥರ್ಮಂಡ್, ಸ್ಯಾಮ್ ಎರ್ವಿನ್, ಜೇಮ್ಸ್ ಈಸ್ಟ್‌ಲ್ಯಾಂಡ್ ಅನ್ನೋ ದಕ್ಷಿಣದ ಹಿರಿಯ ಸೆನೆಟರ್‌ಗಳಿದ್ದರು. ಈಸ್ಟ್‌ಲ್ಯಾಂಡ್ ನ್ಯಾಯಾಂಗ ಸಮಿತಿಯ ಅಧ್ಯಕ್ಷ, ಅಂದರೆ ಬಾಗಿಲ ಕೀಲಿ ಅವರ ಕೈಯಲ್ಲೇ. ಒಂದು ವರ್ಷ ಎಳೆದರು. ಕೊನೆಗೆ ಮಸೂದೆ ಸದನಕ್ಕೆ ಬಂದಾಗ ಫಿಲಿಬಸ್ಟರ್ ಶುರು. ಅಂದರೆ ಚರ್ಚೆಯನ್ನ ಮುಗಿಯೋಕೇ ಬಿಡದ ಹಾಗೆ ಮಾತಾಡ್ತಾ ಹೋಗೋದು. ಅದನ್ನ ನಿಲ್ಲಿಸೋಕೆ ಮತ ಹಾಕಿದ ಸದಸ್ಯರಲ್ಲಿ ಮೂರನೇ ಎರಡರಷ್ಟು ಬೇಕಿತ್ತು. 1970ರ ಸೆಪ್ಟೆಂಬರ್ 17ರಂದು 54-36. ಆರು ಮತ ಕಡಿಮೆ. ಸೆಪ್ಟೆಂಬರ್ 29ರಂದು 53-34. ಐದು ಮತ ಕಡಿಮೆ. ಗಮನಿಸಿ, ತಿದ್ದುಪಡಿ ಮತಕ್ಕೆ ಬಂದು ಸೋಲಲೇ ಇಲ್ಲ. ಅದನ್ನ ಮತಕ್ಕೇ ಬಿಡಲಿಲ್ಲ.

ದಕ್ಷಿಣದವರ ವಿರೋಧಕ್ಕೆ ಕಾರಣ ಹುಡುಕೋಕೆ ಕಷ್ಟ ಇಲ್ಲ. 1965ರ ಮತದಾನ ಹಕ್ಕು ಕಾಯ್ದೆ ಬಂದು ಐದೇ ವರ್ಷ. ಕರಿಯ ಮತದಾರರು ಆಗಷ್ಟೇ ಮತಗಟ್ಟೆಗೆ ಬರ್ತಿದ್ದರು. ಗೆದ್ದವರಿಗೆ ಎಲ್ಲ ಅನ್ನೋ ಪದ್ಧತಿಯಲ್ಲಿ ಮಿಸಿಸಿಪ್ಪಿಯ ಬಿಳಿಯರ ಬಹುಮತ ಅವರ ಓಟನ್ನ ನುಂಗಿ ಹಾಕಬಹುದು. ದೇಶವ್ಯಾಪಿ ಎಣಿಕೆಯಲ್ಲಿ ಪ್ರತಿ ಓಟಿಗೂ ಜೀವ ಬರುತ್ತೆ. ಜೊತೆಗೆ ಚಿಕ್ಕ ರಾಜ್ಯಗಳ ಕೆಲವು ಸೆನೆಟರ್‌ಗಳೂ ಆ ಕಡೆ ಸೇರಿಕೊಂಡರು.

ಆದರೆ ಇಲ್ಲೊಂದು ತಿರುವು ಇದೆ. ಬೇ ಸುಮ್ಮನಿರಲಿಲ್ಲ, 1979ರಲ್ಲಿ ಮತ್ತೆ ಸೆನೆಟ್‌ಗೆ ತಂದರು. ಈ ಸಲ ಮತವೂ ಆಯ್ತು: 51-48. ಬೇಕಿದ್ದಿದ್ದು 66. ಆಗ ವಿರೋಧಿಸಿದವರಲ್ಲಿ ಕೆಲವು ಕರಿಯ ಮತ್ತು ಯಹೂದಿ ಸಂಘಟನೆಗಳ ನಾಯಕರೂ ಇದ್ದರು! ನ್ಯೂಯಾರ್ಕ್‌ನಂಥ ದೊಡ್ಡ ರಾಜ್ಯದಲ್ಲಿ ಗೆಲುವು ಸೋಲು ತೀರ್ಮಾನಿಸೋ ಶಕ್ತಿ ತಮಗಿದೆ, ನೇರ ಚುನಾವಣೆಯಲ್ಲಿ ಅದು ಕರಗಿಹೋಗುತ್ತೆ ಅನ್ನೋದು ಅವರ ಲೆಕ್ಕ. ಒಂದೇ ಪದ್ಧತಿಯನ್ನ ಥರ್ಮಂಡ್ ಕೂಡ ಬಯಸಿದರು, ಅವರ ವಿರುದ್ಧ ಹೋರಾಡಿದವರಲ್ಲಿ ಕೆಲವರೂ ಬಯಸಿದರು.

ಆಮೇಲಿನ ಕಥೆ ನಿಮಗೆ ಗೊತ್ತು. 2000ದಲ್ಲಿ ಫ್ಲೋರಿಡಾದ 537 ಓಟು. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಹೆಚ್ಚು ಓಟು ಜಾಸ್ತಿ ಬಂದರೂ ಸೋಲು. ಎರಡೂ ಸಲ ಲಾಭ ಆಗಿದ್ದು ರಿಪಬ್ಲಿಕನ್ನರಿಗೆ. ಹಾಗಾಗಿ 1969ರಲ್ಲಿ ಎರಡೂ ಪಕ್ಷ ಸೇರಿ ಎತ್ತಿದ್ದ ವಿಷಯ ಈಗ ಒಂದು ಪಕ್ಷದ ದೂರು ಅನ್ನೋ ಹಾಗಾಗಿದೆ. ತಿದ್ದುಪಡಿಗೆ 38 ರಾಜ್ಯಗಳ ಒಪ್ಪಿಗೆ ಬೇಕು, ಅದು ಸದ್ಯಕ್ಕೆ ಕನಸು. ಅದಕ್ಕೇ ಒಂದು ಅಡ್ಡದಾರಿ ಹುಡುಕಿದ್ದಾರೆ: ದೇಶದಲ್ಲಿ ಹೆಚ್ಚು ಓಟು ಬಂದವರಿಗೇ ನಮ್ಮ ಎಲೆಕ್ಟರ್‌ಗಳನ್ನ ಕೊಡ್ತೀವಿ ಅಂತ ರಾಜ್ಯಗಳು ಪರಸ್ಪರ ಮಾಡಿಕೊಳ್ಳೋ ಒಪ್ಪಂದ. 2024ರ ಹೊತ್ತಿಗೆ 17 ರಾಜ್ಯ ಮತ್ತು ವಾಷಿಂಗ್ಟನ್ ಡಿಸಿ ಸೇರಿ 209 ಎಲೆಕ್ಟರ್ ಆಗಿತ್ತು. 270 ಮುಟ್ಟಿದರೆ ಮಾತ್ರ ಜಾರಿ.

ಉಳಿಸಬೇಕು ಅನ್ನೋರ ವಾದದಲ್ಲಿ ತೂಕ ಇಲ್ಲ ಅಂತಲ್ಲ. 2000ದಲ್ಲಿ ಗಲಾಟೆ ಒಂದು ರಾಜ್ಯಕ್ಕೆ ಸೀಮಿತ ಆಗಿತ್ತು. ದೇಶವ್ಯಾಪಿ ಎಣಿಕೆ ಅಷ್ಟು ಬಿಗಿಯಾದರೆ ಪ್ರತಿ ಕೌಂಟಿಯಲ್ಲೂ ಮರುಎಣಿಕೆ. ಒಕ್ಕೂಟದಲ್ಲಿ ರಾಜ್ಯಗಳಿಗೆ ರಾಜ್ಯಗಳಾಗಿಯೇ ಬೆಲೆ ಇರಬೇಕು ಅನ್ನೋದೂ ನಿಜ. ಆದರೆ ಆ ಬೆಲೆ ಸೆನೆಟ್‌ನಲ್ಲಿ ಆಗಲೇ ಇದೆ. ಇಷ್ಟು ಅಧಿಕಾರ ಇರೋ ಒಂದೇ ಕುರ್ಚಿಗೆ ಹೆಚ್ಚು ಓಟು ಬಂದವರೇ ಕೂರಬೇಕು ಅನ್ನೋದು ನನ್ನ ನಿಲುವು.

ನಮ್ಮಲ್ಲೂ ರಾಷ್ಟ್ರಪತಿಯನ್ನ ಆರಿಸೋದು ಮತದಾರರ ಮಂಡಳಿಯೇ ಅಲ್ವಾ ಅಂತ ಕೇಳಬಹುದು. ಹೌದು. ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ನೇರ ಚುನಾವಣೆ ಕೇಳಿದ್ದರು, ಒಪ್ಪಲಿಲ್ಲ. ನಿಜವಾದ ಅಧಿಕಾರ ಮಂತ್ರಿಮಂಡಲದ್ದು, ಅಂಥ ಹುದ್ದೆಗೆ ಇಡೀ ದೇಶದ ಚುನಾವಣೆ ಯಾಕೆ ಅನ್ನೋದು ನೆಹರೂ ವಾದ. ಆದರೆ ನಮ್ಮ ಲೆಕ್ಕದಲ್ಲೂ ಒಂದು ಗಂಟಿದೆ. 2022ರಲ್ಲೂ ಕರ್ನಾಟಕದ ಶಾಸಕರ ಓಟಿನ ಮೌಲ್ಯ 131, ಉತ್ತರ ಪ್ರದೇಶದವರದ್ದು 208. ಲೆಕ್ಕ ಹಿಡಿದಿದ್ದು 1971ರ ಜನಗಣತಿಯಿಂದ. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ನಷ್ಟ ಆಗಬಾರದು ಅಂತ ಅಲ್ಲೇ ನಿಲ್ಲಿಸಿದ್ದಾರೆ. ಲೋಕಸಭೆ ಸ್ಥಾನಗಳ ಹಂಚಿಕೆಯೂ ಅದೇ ಜನಗಣತಿಗೆ ಕಟ್ಟಿಕೊಂಡಿದೆ. ಕ್ಷೇತ್ರ ಮರುವಿಂಗಡಣೆ ಬಂದಾಗ ಒಂದು ತಲೆಗೆ ಒಂದು ಓಟು ಮುಖ್ಯವೋ, ರಾಜ್ಯಗಳ ಸಮತೋಲನ ಮುಖ್ಯವೋ ಅನ್ನೋ ಪ್ರಶ್ನೆ ನಮ್ಮ ಮನೆ ಬಾಗಿಲಿಗೇ ಬರುತ್ತೆ. ಆಗ ಕ್ಯಾಲಿಫೋರ್ನಿಯಾದವರ ವಾದ ಹಿಡಿಯೋದಾ, ವಯೋಮಿಂಗ್‌ನವರದ್ದಾ? ಬೇರೆಯವರ ಚುನಾವಣೆ ಬಗ್ಗೆ ಮಾತಾಡುವಷ್ಟು ಸುಲಭ ಇರಲ್ಲ ಅದು.

1969-70 ನನಗೆ ಕಲಿಸೋದು ಇಷ್ಟು. ಆಟದ ನಿಯಮ ಬದಲಾಯಿಸೋಕೆ ಒಳ್ಳೆ ಸಮಯ ಅಂದರೆ, ಅದರಿಂದ ಯಾರಿಗೆ ಲಾಭ ಅಂತ ಯಾರಿಗೂ ಖಚಿತವಾಗಿ ಗೊತ್ತಿಲ್ಲದ ಸಮಯ. ಅಮೆರಿಕಕ್ಕೆ ಅಂಥದ್ದೊಂದು ಗಳಿಗೆ ಸಿಕ್ಕಿತ್ತು, ಆರು ಮತದಲ್ಲಿ ಕೈತಪ್ಪಿತು. ಐವತ್ತು ವರ್ಷ ಕಳೆದರೂ ಮತ್ತೆ ಸಿಕ್ಕಿಲ್ಲ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.