ಕೋಟೆ ಮತ್ತು ಕಣಿವೆ: ಕನ್ಸೋಲ್, ಪಿಸಿ ಗ್ರಾಫಿಕ್ಸ್ ನಡೆದು ಬಂದ ದಾರಿ

ಚಿತ್ರದುರ್ಗ ಜಿಲ್ಲೆಯವರಿಗೆ ಎರಡು ಬಗೆಯ ಕಟ್ಟೋಣ ಚೆನ್ನಾಗಿ ಗೊತ್ತು. ಒಂದು ದುರ್ಗದ ಕೋಟೆ. ಅದನ್ನು ಯಾರೂ ಒಂದೇ ಸಲಕ್ಕೆ ಕಟ್ಟಿ ಮುಗಿಸಲಿಲ್ಲ. ಪಾಳೆಯಗಾರರ ಕಾಲ ಉರುಳಿದಂತೆ ಒಂದು ಸುತ್ತು ಎದ್ದಿತು, ಬತೇರಿ ಸೇರಿತು, ಬಾಗಿಲು ಬಲವಾಯಿತು. ಇನ್ನೊಂದು ಹಿರಿಯೂರಿನ ಮಾರಿ ಕಣಿವೆ. 1898ರಲ್ಲಿ ಕೆಲಸ ಹಿಡಿದು 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರದ ಕಟ್ಟೆ ಇಂದಿಗೂ ಅಂದಿನ ನಕ್ಷೆಯಲ್ಲೇ ನಿಂತಿದೆ. ವೇದಾವತಿಯಲ್ಲಿ ನೀರು ಎಷ್ಟೇ ಬರಲಿ, ಹಿಡಿಯುವುದು ಆ ಕಟ್ಟೆ ಹಿಡಿಯುವಷ್ಟನ್ನೇ.

ಗೇಮಿಂಗ್ ಪಿಸಿ ಕೋಟೆಯ ಜಾತಿಗೆ ಸೇರಿದ್ದು, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳು ಕಣಿವೆಯ ಜಾತಿಗೆ. 'ಯಾವುದರ ಗ್ರಾಫಿಕ್ಸ್ ಜೋರು?' ಎಂಬ ಪ್ರಶ್ನೆಯನ್ನು ಹೊಳಲ್ಕೆರೆಯ ಹುಡುಗನೂ ಕೇಳುತ್ತಾನೆ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯುವವರೂ ಕೇಳುತ್ತಾರೆ. ನಲವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರ ಹಲವು ಸಲ ಮಗುಚಿ ಬಿದ್ದಿದೆ.

ಟಿವಿಗೆಂದೇ ಹುಟ್ಟಿದ ಚಿಪ್

1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಫ್ಯಾಮಿಕಾಂ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಈ ಹೆಸರು ಕೇಳದವರೂ ಇದರ ನಕಲನ್ನು ಆಡಿರುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ 'ಟಿವಿ ಗೇಮ್' ಎನಿಸಿಕೊಂಡ ಪೆಟ್ಟಿಗೆಗಳಲ್ಲಿ ಬಹುಪಾಲು ಇದರ ತದ್ರೂಪುಗಳೇ. ಆಂಟೆನಾ ವಯರ್ ಕಿತ್ತು ಆಟದ ವಯರ್ ಸಿಕ್ಕಿಸಿ, ಚಾನೆಲ್ ಹುಡುಕಿ, ಕ್ಯಾಸೆಟ್ಟಿನ ಬುಡಕ್ಕೆ ಉಫ್ ಎಂದು ಊದಿ ಒತ್ತಿದರೆ ಮಾರಿಯೋ ಓಡಲು ಶುರು.

ಆ ಯಂತ್ರದಲ್ಲಿ ಚಿತ್ರ ಬಿಡಿಸುವುದಕ್ಕೆಂದೇ ಬೇರೊಂದು ಚಿಪ್ ಇತ್ತು. ಇಡೀ ಪರದೆಯ ಚಿತ್ರವನ್ನು ಒಟ್ಟಿಗೆ ಇಟ್ಟುಕೊಳ್ಳುವಷ್ಟು ಮೆಮೊರಿ ಅದಕ್ಕಿರಲಿಲ್ಲ. ಹಾಗಾಗಿ ಅದು 8×8 ಚುಕ್ಕಿಗಳ ಪುಟ್ಟ ಹೆಂಚುಗಳನ್ನು ಜೋಡಿಸಿ ಹಿನ್ನೆಲೆ ಮಾಡುತ್ತಿತ್ತು, ಅದರ ಮೇಲೆ 64 ಗೊಂಬೆಗಳನ್ನು ಓಡಾಡಿಸುತ್ತಿತ್ತು. ಈ ಗೊಂಬೆಗಳಿಗೆ ಸ್ಪ್ರೈಟ್ ಎಂದು ಹೆಸರು. ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ ಬಂದರೆ ಒಂಬತ್ತನೆಯದು ಕಾಣುತ್ತಿರಲಿಲ್ಲ. ವೈರಿಗಳು ಗುಂಪುಗೂಡಿದಾಗ ಗೊಂಬೆಗಳು ಮಿಣಮಿಣ ಎನ್ನುತ್ತಿದ್ದದ್ದು ಟಿವಿಯ ದೋಷವೂ ಅಲ್ಲ, ಕರೆಂಟಿನ ದೋಷವೂ ಅಲ್ಲ, ಈ ಮಿತಿಯನ್ನು ಮರೆಮಾಚುವ ಉಪಾಯ.

ಅದೇ ಹೊತ್ತಿನ ಪಿಸಿ ಲೆಕ್ಕಪತ್ರಕ್ಕೆ ಹುಟ್ಟಿದ್ದು. 1981ರ ಐಬಿಎಂ ಪಿಸಿಯ ಸಿಜಿಎ ಕಾರ್ಡ್ 320×200 ಚುಕ್ಕಿಗಳಲ್ಲಿ ನಾಲ್ಕೇ ಬಣ್ಣ ತೋರಿಸುತ್ತಿತ್ತು. ಸ್ಪ್ರೈಟ್ ಚಿಪ್ಪಿನ ನೆರವಿಲ್ಲದೆ ಒಂದೊಂದು ಚುಕ್ಕಿಯನ್ನೂ 4.77 ಮೆಗಾಹರ್ಟ್ಸ್‌ನ ಪ್ರೊಸೆಸರೇ ಬರೆಯಬೇಕಿತ್ತು. ಮಾರಿಯೋ ಓಡಿದಂತೆ ಹಿನ್ನೆಲೆ ನುಣ್ಣಗೆ ಸರಿಯುವುದಿದೆಯಲ್ಲ, ಅಷ್ಟೂ ಪಿಸಿಯ ಕೈಲಿ ಆಗುತ್ತಿರಲಿಲ್ಲ. 1990ರಲ್ಲಿ ಅಮೆರಿಕದ ಜಾನ್ ಕಾರ್ಮಾಕ್ ಇದಕ್ಕೊಂದು ಯುಕ್ತಿ ಕಂಡುಹಿಡಿದರು. ಪರದೆಯನ್ನೆಲ್ಲ ಮತ್ತೆ ಬರೆಯದೆ, ಬದಲಾದ ಹೆಂಚುಗಳನ್ನಷ್ಟೇ ಬರೆಯುವ ಯುಕ್ತಿ ಅದು. ಆ ವರ್ಷದ ಡಿಸೆಂಬರಿನಲ್ಲಿ ಬಂದ 'ಕಮಾಂಡರ್ ಕೀನ್' ಅದರ ಫಲ. ದುಬಾರಿ ಕಂಪ್ಯೂಟರು ಮಕ್ಕಳ ಆಟಿಕೆಯ ಸಮಕ್ಕೆ ಬರಲು ಅಷ್ಟು ಕಾಲ ಬೇಕಾಯಿತು.

ಮೂರನೆಯ ಆಯಾಮ

ಹೆಂಚು ಜೋಡಿಸುವ ಚಿಪ್ಪಿಗೆ ಹೆಂಚಿನ ಆಚೆ ಏನೂ ಗೊತ್ತಿಲ್ಲ. 1987ರ ವಿಜಿಎ ಕಾರ್ಡಿನಲ್ಲಾದರೋ ಪ್ರೊಸೆಸರು 256 ಬಣ್ಣಗಳಲ್ಲಿ ಯಾವ ಚುಕ್ಕಿಯನ್ನು ಬೇಕಾದರೂ ನೇರ ಬರೆಯಬಹುದಿತ್ತು. ಪ್ರೊಸೆಸರುಗಳ ವೇಗ ಏರಿದ್ದೇ ತಡ, ನಿನ್ನೆಯವರೆಗೆ ಹೊರೆಯಾಗಿದ್ದದ್ದು ಅನುಕೂಲವಾಗಿಬಿಟ್ಟಿತು. 1993ರ ಡಿಸೆಂಬರಿನಲ್ಲಿ 'ಡೂಮ್' ಬಂದಾಗ, ಗೋಡೆ, ಬಾಗಿಲು, ಮೆಟ್ಟಿಲುಗಳ ನಡುವೆ ನುಗ್ಗುವ ಅಂಥ ಆಟವನ್ನು ಅದೇ ಸೊಗಸಿನಲ್ಲಿ ತೋರಿಸುವ ಕನ್ಸೋಲ್ ಮನೆಗಳಲ್ಲಿರಲಿಲ್ಲ.

ಪಿಸಿಯ ಈ ಮೇಲುಗೈ ಉಳಿದದ್ದು ಒಂದೇ ವರ್ಷ. 1994ರ ಡಿಸೆಂಬರಿನಲ್ಲಿ ಸೋನಿಯ ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಮಾರಾಟಕ್ಕೆ ಬಂತು. ತ್ರಿಕೋನಗಳನ್ನು ಜೋಡಿಸಿ ಮೂರು ಆಯಾಮದ ಆಕಾರ ಕಟ್ಟುವುದಕ್ಕೆ ಅದರಲ್ಲಿ ಪ್ರತ್ಯೇಕ ಯಂತ್ರಾಂಶವಿತ್ತು, ಚಿತ್ರಕ್ಕೆಂದು 1 ಮೆಗಾಬೈಟ್ ಮೆಮೊರಿ ಇತ್ತು. ದೂರದ ವಸ್ತು ಯಾವುದು, ಹತ್ತಿರದ್ದು ಯಾವುದು ಎಂದು ಚುಕ್ಕಿ ಚುಕ್ಕಿಗೂ ಲೆಕ್ಕವಿಡುವ ವ್ಯವಸ್ಥೆ ಮಾತ್ರ ಇರಲಿಲ್ಲ. ಆ ಕಾಲದ ಆಟಗಳಲ್ಲಿ ಗೋಡೆಗಳು ನೀರಿನಲ್ಲಿ ಕಂಡಂತೆ ಅಲುಗುವುದಕ್ಕೆ ಲೆಕ್ಕದ ಇಂಥವೇ ಬೇರೆ ಉಳಿತಾಯಗಳು ಕಾರಣ. 1996ರ ನಿಂಟೆಂಡೊ 64ರಲ್ಲಿ ದೂರ, ಹತ್ತಿರದ ಆ ಲೆಕ್ಕ ಬಂತು. ಆದರೆ ಮೇಲ್ಮೈಯ ಚಿತ್ರ ಹಿಡಿದಿಡುವ ಒಳಜಾಗ 4 ಕಿಲೋಬೈಟ್ ಮಾತ್ರವಾದ್ದರಿಂದ ಎಲ್ಲವೂ ಮಸುಕು ಮಸುಕು.

ಪಿಸಿ ತಿರುಗಿ ಎದ್ದದ್ದು ಆ ವರ್ಷವೇ. 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂತು. ಇದ್ದ ಕಾರ್ಡನ್ನು ತೆಗೆಯುವಂತಿರಲಿಲ್ಲ, ಅದರ ಪಕ್ಕದಲ್ಲಿ ಇದನ್ನೂ ಕೂರಿಸಿ ಎರಡಕ್ಕೂ ಕೇಬಲ್ಲಿನಿಂದ ಗಂಟು ಹಾಕಬೇಕಿತ್ತು. 'ಕ್ವೇಕ್' ಆಡಿದವರಿಗೆ ಅದೇ ಕಂಪ್ಯೂಟರು ಹೊಸದಾಗಿ ಹುಟ್ಟಿ ಬಂದಂತೆ ಕಂಡಿತು. ಕೋಟೆಗೆ ಸುತ್ತು ಸೇರಿಸುವ ರೂಢಿ ಪಿಸಿಗೆ ಅಂಟಿದ್ದು ಇಲ್ಲಿಂದ. 1999ರಲ್ಲಿ ಎನ್‌ವಿಡಿಯಾ ತನ್ನ ಜಿಫೋರ್ಸ್ 256 ಕಾರ್ಡನ್ನು 'ಜಿಪಿಯು' ಎಂದು ಕರೆದು ಆ ಹೆಸರನ್ನು ಬಳಕೆಗೆ ತಂದಿತು. ಮುಂದಿನ ವರ್ಷದ ಕೊನೆಗೆ 3ಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಅದೇ ಎನ್‌ವಿಡಿಯಾಗೆ ಮಾರಿಕೊಂಡಿತು.

ಇದೇ ಹೊತ್ತಿಗೆ, 1997ರಲ್ಲಿ, ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್ಯಾಕ್ಟಿವ್ ಶುರು ಮಾಡಿದರು. ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಅದೂ ಒಂದು. ಮುಂದೆ ಎಕ್ಸ್‌ಬಾಕ್ಸ್‌ನ 'ಫೋರ್ಜಾ' ಸರಣಿಯಂಥ ಆಟಗಳಿಗೆ ಇಲ್ಲಿ ಕಲಾಕೆಲಸ ನಡೆಯಿತು. 2019ರಲ್ಲಿ 'ಜಿಟಿಎ' ಆಟದ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು.

ಪೆಟ್ಟಿಗೆಯೊಳಗೊಂದು ಪಿಸಿ

2000ದ ಪ್ಲೇಸ್ಟೇಷನ್ 2 ತನ್ನದೇ ದಾರಿ ಹಿಡಿಯಿತು. ಗ್ರಾಫಿಕ್ಸ್ ಚಿಪ್ಪಿನ ಒಳಗೇ 4 ಮೆಗಾಬೈಟ್ ಮೆಮೊರಿ ಇಟ್ಟು, ಸೆಕೆಂಡಿಗೆ 48 ಗಿಗಾಬೈಟ್ ವೇಗದಲ್ಲಿ ಓದಿ ಬರೆಯುವಂತೆ ಮಾಡಿದರು. ಆಗಿನ ಯಾವ ಪಿಸಿ ಕಾರ್ಡಿಗೂ ಆ ವೇಗ ಇರಲಿಲ್ಲ. 15 ಕೋಟಿಗೂ ಹೆಚ್ಚು ಮಾರಾಟವಾದ ಈ ಯಂತ್ರ ಭಾರತದಲ್ಲಿ ದೀರ್ಘಕಾಲ ಬಾಳಿತು. 2009ರಲ್ಲಿ ಹೈದರಾಬಾದಿನವರು 'ಹನುಮಾನ್: ಬಾಯ್ ವಾರಿಯರ್' ಮಾಡಿದ್ದು, ಪ್ಲೇಸ್ಟೇಷನ್ 3 ಆಗಲೇ ಬಂದಿದ್ದರೂ, ಈ ಹಳೆಯ ಯಂತ್ರಕ್ಕೇ.

2001ರಲ್ಲಿ ಮೈಕ್ರೋಸಾಫ್ಟ್ ಬೇರೆ ಮಾತೇ ಆಡಿತು. ಅದರ ಎಕ್ಸ್‌ಬಾಕ್ಸ್ ಬಿಚ್ಚಿದರೆ ಒಳಗೆ 733 ಮೆಗಾಹರ್ಟ್ಸ್‌ನ ಪೆಂಟಿಯಂ 3 ಬಗೆಯ ಪ್ರೊಸೆಸರು, ಜಿಫೋರ್ಸ್ 3ರ ದಾಯಾದಿಯಾದ ಎನ್‌ವಿಡಿಯಾ ಚಿಪ್, ಹಾರ್ಡ್ ಡಿಸ್ಕ್: ಅಪ್ಪಟ ಪಿಸಿ ಸಾಮಾನು. ನಾಲ್ಕು ವರ್ಷಕ್ಕೆ ಬಂದ ಎಕ್ಸ್‌ಬಾಕ್ಸ್ 360ಕ್ಕೆ ಎಟಿಐ ಕಂಪನಿ ಮಾಡಿಕೊಟ್ಟ ಚಿಪ್ ಇನ್ನೂ ಮುಂದಿತ್ತು. ಆಕಾರದ ಲೆಕ್ಕಕ್ಕೂ ಬಣ್ಣದ ಲೆಕ್ಕಕ್ಕೂ ಬೇರೆ ಬೇರೆ ಆಳುಗಳಿರುವ ಬದಲು, ಎಲ್ಲ ಆಳುಗಳೂ ಎಲ್ಲ ಕೆಲಸ ಮಾಡುವ ವಿನ್ಯಾಸ ಅದರಲ್ಲಿತ್ತು. ಪಿಸಿಯಲ್ಲಿ ಅದು ಜಿಫೋರ್ಸ್ 8800ರ ರೂಪದಲ್ಲಿ ಬಂದದ್ದು ಒಂದು ವರ್ಷ ತಡವಾಗಿ, 2006ರ ನವೆಂಬರಿನಲ್ಲಿ.

ನಮ್ಮ ತಾಲ್ಲೂಕು ಕೇಂದ್ರಗಳಿಗೆ ಈ ಪೈಪೋಟಿಯ ಸದ್ದು ಕೇಳಿಸಲಿಲ್ಲ. ಹೊಸದುರ್ಗದಂಥ ಊರಿನಲ್ಲಿ ಆಟವೆಂದರೆ ಸೈಬರ್ ಸೆಂಟರ್, ಸೈಬರ್ ಸೆಂಟರಿನಲ್ಲಿ 'ವೈಸ್ ಸಿಟಿ', 'ಕೌಂಟರ್ ಸ್ಟ್ರೈಕ್'. ಮದರ್‌ಬೋರ್ಡಿನ ಜೊತೆಗೇ ಬಂದ ಬಡ ಗ್ರಾಫಿಕ್ಸ್‌ನಲ್ಲಿ, ಎಲ್ಲ ಸೆಟ್ಟಿಂಗ್ ಕೆಳಕ್ಕಿಳಿಸಿಯಾದರೂ ಅವು ಓಡುತ್ತಿದ್ದವು. ಆಟವನ್ನು ಯಂತ್ರದ ಅಳತೆಗೆ ಇಳಿಸಿಕೊಳ್ಳುವ ಈ ಸ್ವಾತಂತ್ರ್ಯ ಕನ್ಸೋಲಿನಲ್ಲಿಲ್ಲ.

ಕೋಡಿ ಬೀಳುವ ಹೊತ್ತು

ಹಾಗಾದರೆ ಕನ್ಸೋಲಿನ ಬಲ ಎಲ್ಲಿದೆ? ಪ್ಲೇಸ್ಟೇಷನ್ 3 ಹೊರಬಂದದ್ದು 2006ರಲ್ಲಿ. ಗ್ರಾಫಿಕ್ಸ್‌ಗೆ 256 ಮೆಗಾಬೈಟ್ ಮೆಮೊರಿ, ಉಳಿದ ಕೆಲಸಕ್ಕೆ ಇನ್ನೊಂದು 256. ಅದೇ ಯಂತ್ರದ ಮೇಲೆ 2013ರ ಜೂನ್‌ನಲ್ಲಿ 'ದಿ ಲಾಸ್ಟ್ ಆಫ್ ಅಸ್' ಬಂತು. ಏಳು ವರ್ಷದ ಹಳೆಯ ಚಿಪ್ ಇಂಥ ಚಿತ್ರ ಕೊಡುತ್ತದೆಂದು ಮೊದಲ ವರ್ಷ ಕೊಂಡವರು ಊಹಿಸಿರಲಿಕ್ಕಿಲ್ಲ. ಕೋಟಿಗಟ್ಟಲೆ ಮನೆಗಳಲ್ಲಿ ಒಂದೇ ಯಂತ್ರವಿದ್ದರೆ ಆಟ ಬರೆಯುವವರು ಅದರ ಮೂಲೆ ಮೂಲೆ ತಿಳಿದುಕೊಳ್ಳುತ್ತಾರೆ, ಕೊನೆಯ ಹನಿಯವರೆಗೆ ತುಂಬುತ್ತಾರೆ. ಕಟ್ಟೆ ಏರಿಸದೆಯೇ ಕೋಡಿ ಬೀಳಿಸುವ ವಿದ್ಯೆ ಇದು.

ಪಿಸಿಯಲ್ಲಿ ಹಾಗಲ್ಲ. ನೂರಾರು ಬಗೆಯ ಕಾರ್ಡು, ಒಂದೊಂದಕ್ಕೂ ಒಂದೊಂದು ಡ್ರೈವರ್. ಬೆಳಕು, ನೆರಳು ಬಿಡಿಸುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಂಗಳನ್ನು ಕನ್ಸೋಲಿಗೆ ಮೊದಲೇ ಅದರ ಯಂತ್ರಭಾಷೆಗೆ ತಿರುಗಿಸಿ ಕಳಿಸಬಹುದು. ಪಿಸಿಯಲ್ಲಿ ಅವನ್ನು ಆಡುವವರ ಮನೆಯಲ್ಲೇ ತಿರುಗಿಸಬೇಕು. ಆಟದ ನಡುವೆ ಚಿತ್ರ ಗಕ್ಕನೆ ನಿಂತು ಮುಂದುವರಿಯುವುದಕ್ಕೆ ಇದೊಂದು ಮುಖ್ಯ ಕಾರಣ. ಅದೇ 'ಲಾಸ್ಟ್ ಆಫ್ ಅಸ್' ಹೊಸ ರೂಪದಲ್ಲಿ 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ, ಶೇಡರ್ ಸಿದ್ಧವಾಗಲಿ ಎಂದು ಜನ ಬಹಳ ಹೊತ್ತು ಕಾಯಬೇಕಾಯಿತು. 8 ಗಿಗಾಬೈಟ್ ಕಾರ್ಡುಗಳೂ ತಿಣುಕಿದವು.

ಒಂದೇ ಬಸಿರಿನ ಚಿಪ್ಪುಗಳು

2013ರ ಕೊನೆಗೆ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡೂ ಎಎಂಡಿ ಕಂಪನಿಯ ಚಿಪ್ ತೊಟ್ಟು ಬಂದವು. ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ತುಂಡಿನಲ್ಲಿ, ಎರಡೂ ಪಿಸಿಯಿಂದ ಬಂದ ವಿನ್ಯಾಸ. ಇಲ್ಲಿಂದ ಹೋಲಿಕೆಗೆ ಅಂಕಿ ಸಿಕ್ಕಿತು. ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಮಾಂಶ ಲೆಕ್ಕ ಮಾಡಿದರೆ ಒಂದು ಟೆರಾಫ್ಲಾಪ್. ಪ್ಲೇಸ್ಟೇಷನ್ 4ರದು 1.84, ಎಕ್ಸ್‌ಬಾಕ್ಸ್ ಒನ್‌ನದು 1.31. ಮರುವರ್ಷದ ಫೆಬ್ರುವರಿಯಲ್ಲಿ ಬಂದ, 60 ವ್ಯಾಟ್ ಮಾತ್ರ ಎಳೆಯುವ ಜಿಟಿಎಕ್ಸ್ 750 ಟಿಐ ಕಾರ್ಡ್ ಸಾಧಾರಣ ಪಿಸಿಯನ್ನು ಇವುಗಳ ಹತ್ತಿರಕ್ಕೆ ಮುಟ್ಟಿಸಿತು. ಕಾರ್ಡಿಗೆ ಬೇರೆ ವಯರೂ ಬೇಡ, ಹೊಸ ಎಸ್‌ಎಂಪಿಎಸ್ಸೂ ಬೇಡ.

2020ರ ನವೆಂಬರಿನ ಯಂತ್ರಗಳಲ್ಲಿ ಪ್ಲೇಸ್ಟೇಷನ್ 5ಕ್ಕೆ 10.28 ಟೆರಾಫ್ಲಾಪ್, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12. ಎರಡರಲ್ಲೂ 16 ಗಿಗಾಬೈಟ್ ಮೆಮೊರಿ, ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಸೇರಿ. ಅದೇ ಶರತ್ಕಾಲದ ಆರ್‌ಟಿಎಕ್ಸ್ 3080 ಕಾರ್ಡಿನ ಮೇಲೆ 29.8 ಎಂದು ಬರೆದಿತ್ತು. ಹಾಗೆಂದು ಆಟ ಮೂರು ಪಟ್ಟು ವೇಗವಾಗಿ ಓಡಲಿಲ್ಲ, ಎನ್‌ವಿಡಿಯಾ ಲೆಕ್ಕ ಹಾಕುವ ಘಟಕಗಳನ್ನು ಎಣಿಸುವ ಬಗೆಯೇ ಬೇರೆ. ಬೇರೆ ಬೇರೆ ಮನೆತನದ ಚಿಪ್ಪುಗಳನ್ನು ಟೆರಾಫ್ಲಾಪಿನಿಂದ ತೂಗುವುದು ಸೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದಕ್ಕೆ ಹೋಲಿಸಿದಂತೆ. ಸರಿಯಾದ ಹೋಲಿಕೆ ಬೇಕೆಂದರೆ ಅದೇ ಎಎಂಡಿಯ ಆರ್‌ಎಕ್ಸ್ 6700 ನೋಡಬೇಕು. ಪ್ಲೇಸ್ಟೇಷನ್ 5ರಂತೆ ಅದರಲ್ಲೂ 36 ಗಣನಾ ಘಟಕಗಳಿವೆ. ಮಧ್ಯಮ ದರ್ಜೆಯ ಪಿಸಿಗೂ ಕನ್ಸೋಲಿಗೂ ಇರುವ ಅಂತರ ಇಷ್ಟು ಕಿರಿದು.

ಮೇಲ್ತುದಿಯಲ್ಲಿ ಮಾತ್ರ ಕೋಟೆ ಕಣಿವೆಗೆ ಎಟುಕದಷ್ಟು ಎತ್ತರ. 2022ರ ಆರ್‌ಟಿಎಕ್ಸ್ 4090ಕ್ಕೆ 24 ಗಿಗಾಬೈಟ್ ಮೆಮೊರಿ ತನ್ನೊಬ್ಬನಿಗೇ, 450 ವ್ಯಾಟ್ ವಿದ್ಯುತ್ತೂ ಅದೊಂದಕ್ಕೇ. ಬೆಳಕಿನ ಕಿರಣಗಳ ಜಾಡು ಹಿಡಿಯುವ ರೇ ಟ್ರೇಸಿಂಗ್, ಸಣ್ಣ ಚಿತ್ರವನ್ನು ಎಐ ನೆರವಿನಿಂದ ಹಿಗ್ಗಿಸುವ ತಂತ್ರ, ಎರಡೂ ಮೊದಲು ಬೇರೂರಿದ್ದು ಪಿಸಿಯಲ್ಲಿ, 2018ರಿಂದ ಈಚೆಗೆ. ಎರಡನೆಯದನ್ನು ಸೋನಿ 2024ರ ನವೆಂಬರಿನ ಪ್ಲೇಸ್ಟೇಷನ್ 5 ಪ್ರೋಗೆ ತಂದಿತು. ಬಿಡುಗಡೆಯ ದೇಶಗಳ ಪಟ್ಟಿಯಲ್ಲಿ ಭಾರತವಿರಲಿಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಆಗ ಇಲ್ಲಿ ಅನುಮತಿ ಇರಲಿಲ್ಲ. ವಿಚಿತ್ರವೆಂದರೆ, ಸೋನಿ, ಮೈಕ್ರೋಸಾಫ್ಟ್ ಎರಡಕ್ಕೂ ಚಿಪ್ ಕೊಡುವ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ, ದುರ್ಗದಿಂದ ಇನ್ನೂರು ಕಿಲೋಮೀಟರ್ ಆಚೆ.

ನಮ್ಮ ಮನೆಯ ಲೆಕ್ಕ

ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿ 2ರಂದು ಬಂದಾಗ ಬೆಲೆ 49,990 ರೂಪಾಯಿ. ಅದಕ್ಕೆ ಸಮನಾಗಿ ನಿಲ್ಲುವ ಆರ್‌ಟಿಎಕ್ಸ್ 4060 ಕಾರ್ಡ್ ಒಂದಕ್ಕೇ 2023ರಲ್ಲಿ ಸುಮಾರು 30,000. ಮೇಲೆ ಪ್ರೊಸೆಸರು, ಬೋರ್ಡು, ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರು. ಮೊದಲ ದಿನದ ಖರ್ಚಿನಲ್ಲಿ ಕನ್ಸೋಲ್ ಅಗ್ಗ. ಆದರೆ ಅದರ ಹೊಸ ಆಟವೊಂದಕ್ಕೆ ಸಾವಿರಾರು ರೂಪಾಯಿ ಕೊಡಬೇಕಾದೀತು. ಅಲ್ಲದೆ ಅದರಲ್ಲಿ ಮಗಳ ಪ್ರಾಜೆಕ್ಟ್ ವರದಿ ಟೈಪ್ ಆಗುವುದಿಲ್ಲ, ಎಂಜಿನಿಯರಿಂಗ್ ಓದುವ ಮಗನ ಆಟೋಕ್ಯಾಡ್ ತೆರೆಯುವುದಿಲ್ಲ.

ಕರೆಂಟ್ ಹೋದರೆ? ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಭಾರಿ ಆಟದಲ್ಲೂ ಸುಮಾರು 200 ವ್ಯಾಟ್ ಎಳೆಯುವ ಪ್ಲೇಸ್ಟೇಷನ್ 5 ಮತ್ತು ಟಿವಿಯನ್ನು ಅದು ಆಟ ಉಳಿಸಿಕೊಳ್ಳುವಷ್ಟು ಹೊತ್ತು ತಡೆದೀತು. 115 ವ್ಯಾಟಿನ 4060 ಇರುವ ಪಿಸಿಯನ್ನೂ ತಡೆದೀತು. 4090 ಇದ್ದರೆ ಅದರ ಆಟ ಮುಗಿಯಿತು. ಏಪ್ರಿಲ್ ಬಿಸಿಲು, ಬಯಲುಸೀಮೆಯ ದೂಳು ಎರಡನ್ನೂ ಕಾಡುತ್ತವೆ. ಪಿಸಿಯ ಬದಿ ಬಿಚ್ಚಿ ನಾವೇ ಬ್ಲೋವರ್ ಹಿಡಿಯಬಹುದು. ಕೆಟ್ಟ ಒಂದು ಭಾಗವನ್ನಷ್ಟೇ ಬಸ್ಸು ಹತ್ತಿಸಿ ಎಸ್‌ಪಿ ರಸ್ತೆಗೆ ಒಯ್ಯಬಹುದು. ಕನ್ಸೋಲಾದರೆ ಇಡೀ ಪೆಟ್ಟಿಗೆಯನ್ನೇ ಹೊತ್ತು ಹೊರಡಬೇಕು.

ಈಗೀಗ ಗಡಿಯೇ ಅಳಿಸುತ್ತಿದೆ. 2022ರಲ್ಲಿ ಬಂದ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಕೈಯಲ್ಲಿ ಹಿಡಿಯುವ ಪಿಸಿ, ನಡವಳಿಕೆಯಲ್ಲಿ ಕನ್ಸೋಲ್. 2025ರ ನವೆಂಬರಿನಲ್ಲಿ ಅದೇ ಕಂಪನಿ ಟಿವಿ ಪಕ್ಕ ಇಡುವ ಸ್ಟೀಮ್ ಮಷೀನ್ ಘೋಷಿಸಿತು. ಅದರೊಳಗೂ ಎಎಂಡಿ ಚಿಪ್ಪೇ.

ಹಾಗಾಗಿ 'ಯಾವುದು ಜೋರು' ಎಂಬ ಪ್ರಶ್ನೆಗಿಂತ 'ಯಾವುದು ತುಂಬುತ್ತದೆ' ಎಂಬ ಪ್ರಶ್ನೆ ಉಪಯುಕ್ತ. ಮಾರಿ ಕಣಿವೆ 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕಟ್ಟೆ ಅದೇ, ಬಂದ ನೀರು ಬೇರೆ. ಲಕ್ಷ ರೂಪಾಯಿಯ ಕಾರ್ಡ್ ಹಾಕಿಸಿ, ದಿನಕ್ಕೊಂದು ತಾಸು ಹಳೆಯ ವೈಸ್ ಸಿಟಿಯನ್ನೇ ಆಡುವವರ ಪಿಸಿ ಬರಗಾಲದ ಕಣಿವೆಯಂತೆ ತಳ ಕಾಣಿಸುತ್ತ ನಿಂತಿರುತ್ತದೆ.