ಸುಣ್ಣದ ಬೆಳಕಿನಲ್ಲಿ ಸುವಾರ್ತೆ

ಮೆಲ್ಬರ್ನಿನ ಬರ್ಕ್ ಸ್ಟ್ರೀಟಿನಲ್ಲಿ, ಪಾರ್ಲಿಮೆಂಟಿನ ಕಡೆಯ ತುದಿಯಲ್ಲಿ, 69ನೆಯ ನಂಬರಿನ ಹಳೆಯ ಕಟ್ಟಡವೊಂದಿದೆ. ಟ್ರಾಮಿನಲ್ಲಿ ಓಡಾಡುವ ನಮ್ಮ ಕನ್ನಡಿಗರಲ್ಲಿ ಅನೇಕರ ಕಣ್ಣಿಗೆ ಅದು ಬಿದ್ದಿರಲೇಬೇಕು. ಅದೇನೆಂದು ಕೇಳಿದವರು ಕಡಮೆ. ಸಾಲ್ವೇಷನ್ ಆರ್ಮಿಯವರು ಕಟ್ಟಿಸಿದ ಆ ಕಟ್ಟಡದ ಮೇಲಂತಸ್ತಿನಲ್ಲಿ 1890ರ ದಶಕದ ಕೊನೆಗೇ ಚಲನಚಿತ್ರದ ಸ್ಟುಡಿಯೋ ಇತ್ತು. ಹಾಲಿವುಡ್ಡಿನಲ್ಲಿ ಇನ್ನೂ ಹಣ್ಣಿನ ತೋಟಗಳಿದ್ದ ಕಾಲ! ಚಿತ್ರ ತೆಗೆಯುತ್ತಿದ್ದವರೋ, ಬೀದಿಯಲ್ಲಿ ಡೋಲು ಬಾರಿಸಿ, ಕೀರ್ತನೆ ಹಾಡಿ, ಕುಡುಕರನ್ನೂ ಅನಾಥರನ್ನೂ ಕರೆದು ಊಟ ಹಾಕುತ್ತಿದ್ದ ಮಂದಿ.

ಅವರ ಈ ವಿಭಾಗ ಹುಟ್ಟಿದ್ದು 1892ರಲ್ಲಿ. ಹೆಸರು 'ಲೈಮ್‌ಲೈಟ್ ಡಿಪಾರ್ಟ್‌ಮೆಂಟ್'. ರಸಾಯನಶಾಸ್ತ್ರವನ್ನೇ ನೆಚ್ಚಿ ಅನ್ನ ಉಣ್ಣುವ ನಾವು ಈ ಹೆಸರಿನ ಬಳಿ ಸ್ವಲ್ಪ ನಿಲ್ಲದೆ ಮುಂದೆ ಹೋಗಲಾರೆವು, ಓದುಗರು ಸಹಿಸಿಕೊಳ್ಳಬೇಕು. ಲೈಮ್ ಎಂದೊಡನೆ ನಿಂಬೆಹಣ್ಣು ನೆನಪಾಗಬಾರದು, ಇದು ಸುಣ್ಣ. ಎಲೆಯಡಿಕೆಗೆ ನಾವು ಹಚ್ಚಿಕೊಳ್ಳುವುದು ನೀರು ಹಾಕಿ ಅರಳಿಸಿದ ಸುಣ್ಣ. ಅರಳಿಸುವುದಕ್ಕೆ ಮುಂಚಿನ ಸುಟ್ಟ ಸುಣ್ಣದ ತುಂಡನ್ನು ಆಮ್ಲಜನಕ-ಜಲಜನಕಗಳ ಜ್ವಾಲೆಗೆ ಒಡ್ಡಿದರೆ ಅದು ಕರಗದು, ಕಣ್ಣು ಕೋರೈಸುವಂತೆ ಬೆಳಗತೊಡಗುತ್ತದೆ. ಸುಣ್ಣ ಕರಗಲು 2,500 ಡಿಗ್ರಿಗೂ ಮಿಕ್ಕ ಶಾಖ ಬೇಕು. ವಿದ್ಯುತ್ತು ಇಲ್ಲದ ಊರುಗಳಲ್ಲಿ ಪರದೆಯ ಮೇಲೆ ಚಿತ್ರ ಬೀರಲು ಆಗ ಇದೇ ಗತಿ. ಆ ಕಾಲದ ಲ್ಯಾಂಟರ್ನಿನವರು ಪೊಟ್ಯಾಸಿಯಂ ಕ್ಲೋರೇಟಿಗೆ ಮ್ಯಾಂಗನೀಸ್ ಡೈಆಕ್ಸೈಡು ಬೆರೆಸಿ ಕಾಯಿಸಿ ಆಮ್ಲಜನಕವನ್ನು ತಾವೇ ತಯಾರಿಸಿಕೊಳ್ಳುತ್ತಿದ್ದುದುಂಟು. ಆ ಮಿಶ್ರಣದಲ್ಲಿ ಇದ್ದಿಲ ಪುಡಿ ಸೇರಿಬಿಟ್ಟರೆ ಸ್ಫೋಟವೇ. ಜ್ವಾಲೆ ತಗುಲಿದ ಕಡೆ ಸುಣ್ಣ ಗುಳಿ ಬೀಳುವುದರಿಂದ ತುಂಡನ್ನು ಆಗಾಗ ತಿರುಗಿಸುತ್ತಿರಬೇಕು. ಉಪದೇಶಕನ ನಾಲಗೆಯಷ್ಟೇ ಈ ತಿರುಗಿಸುವವನ ಕೈಯೂ ಮುಖ್ಯವಾಗಿತ್ತು ಎನ್ನಬಹುದು.

ಕೈ ಜೋಸೆಫ್ ಪೆರ್ರಿಯದು. ಬಲರಾಟಿನಲ್ಲಿ ಜೈಲಿನಿಂದ ಹೊರಬಂದವರ ಆಶ್ರಯಧಾಮವನ್ನು ನೋಡಿಕೊಳ್ಳುತ್ತ ಫೋಟೋಗ್ರಫಿ ನಡೆಸುತ್ತಿದ್ದವನು ಆತ. ನಾಲಗೆ ಹರ್ಬರ್ಟ್ ಬೂತನದು. ಸಾಲ್ವೇಷನ್ ಆರ್ಮಿಯ ಸ್ಥಾಪಕ ವಿಲಿಯಂ ಬೂತನ ಮೂರನೆಯ ಮಗ, 1896ರಲ್ಲಿ ಆಸ್ಟ್ರೇಲಿಯಕ್ಕೆ ಮುಖ್ಯಸ್ಥನಾಗಿ ಬಂದವನು. ಮರುವರ್ಷವೇ ಪೆರ್ರಿ ಚಲನಚಿತ್ರ ತೆಗೆಯತೊಡಗಿದ.

ಇವರಿಬ್ಬರ ದೊಡ್ಡ ಸಾಹಸ 'ಸೋಲ್ಜರ್ಸ್ ಆಫ್ ದಿ ಕ್ರಾಸ್'. ರೋಮನ್ನರ ಕಾಲದ ಕ್ರೈಸ್ತ ಹುತಾತ್ಮರ ಕಥೆ. ಕಲ್ಲೇಟಿಗೆ ಸಿಕ್ಕವರು, ಬೆಂಕಿಗೆ ಬಿದ್ದವರು, ಸಿಂಹಗಳ ಬಾಯಿಗೆ ತಳ್ಳಲ್ಪಟ್ಟವರು. ಇಷ್ಟಕ್ಕೆಲ್ಲ ರೋಮ್ ನಗರವನ್ನು ತರುವುದೆಲ್ಲಿಂದ? ಮರ್ರಂಬೀನದಲ್ಲಿ ಸೈನ್ಯದವರದೇ ಒಂದು ಹುಡುಗಿಯರ ಆಶ್ರಮವಿತ್ತು, ಅದಕ್ಕೊಂದು ಟೆನಿಸ್ ಅಂಗಳ. ಕ್ಯಾನ್‌ವಾಸಿನ ಮೇಲೆ ಕಲೋಸಿಯಮ್ಮನ್ನು ಬರೆದು ಆ ಅಂಗಳದಲ್ಲಿ ಕಟ್ಟಿದರು, ರೋಮ್ ಸಿದ್ಧವಾಯಿತು! ಹಗಲಿನ ಬಿಸಿಲೇ ದೀಪ. ನಟರೂ ಸೈನ್ಯದವರೇ. ನಮ್ಮೂರ ಬಯಲಾಟದಲ್ಲಿ ಒಂದು ಪರದೆ ಇಂದ್ರನ ಸಭೆಯೂ ಆಗಿ ಲಂಕೆಯೂ ಆಗುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1900ರ ಸೆಪ್ಟೆಂಬರ್ 13ರಂದು ಮೆಲ್ಬರ್ನ್ ಟೌನ್ ಹಾಲಿನಲ್ಲಿ ಮೊದಲ ಪ್ರದರ್ಶನ. ನೆರೆದವರು ಸುಮಾರು 4,000 ಎಂದು ವರದಿ. ಒಂದೊಂದೂ ಒಂದೂವರೆ ನಿಮಿಷದ ಒಂದು ಡಜನ್ನಿಗೂ ಹೆಚ್ಚು ಚಿತ್ರಗಳು, ನಡುನಡುವೆ ಬಣ್ಣ ಹಚ್ಚಿದ ಸುಮಾರು 200 ಗಾಜಿನ ಸ್ಲೈಡುಗಳು, ಜೊತೆಗೆ ಸಂಗೀತ, ಇವೆಲ್ಲಕ್ಕೂ ಸೂತ್ರವಾಗಿ ಎರಡು ಗಂಟೆಗೂ ಮೀರಿದ ಬೂತನ ಭಾಷಣ. ಇದನ್ನು ಜಗತ್ತಿನ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಹೊಗಳಿದವರುಂಟು. ಅಲ್ಲ, ಚಿತ್ರಸಹಿತ ಉಪನ್ಯಾಸವಷ್ಟೆ ಎಂದು ತಿದ್ದಿದವರೂ ಉಂಟು. ತಿದ್ದಿದವರೇ ಸರಿ ಎಂದು ನಮ್ಮ ಮತ. ಆದರೆ 'ಅಷ್ಟೆ' ಎಂಬ ಮಾತನ್ನು ಮಾತ್ರ ಒಪ್ಪಲಾರೆವು. ಹರಿಕಥೆ ಕೇಳಿ ಬೆಳೆದವರಿಗೆ ಈ ಕ್ರಮದ ಗುಟ್ಟು ಬಲು ಬೇಗ ತಿಳಿಯುತ್ತದೆ. ದಾಸರು ಕಥೆಯನ್ನು ಕಟ್ಟಕಡೆಯ ಸಂಕಟದವರೆಗೆ ತಂದು ನಿಲ್ಲಿಸಿ ಪದ ಹಾಡುತ್ತಾರಲ್ಲ, ಹಾಗೆ ಇಲ್ಲಿ ನಿಶ್ಚಲ ಚಿತ್ರದ ನಡುವೆ ಥಟ್ಟನೆ ಮನುಷ್ಯರು ಚಲಿಸಿ, ಸಾಯುತ್ತಿದ್ದರು. ಬೂತನಿಗೆ ಬೇಕಾಗಿದ್ದುದು ಚಪ್ಪಾಳೆಯಲ್ಲ, ಸೈನ್ಯಕ್ಕೆ ಸೇರುವ ಹೊಸ ಯುವಕ ಯುವತಿಯರು. ಚಿತ್ರ ಅದಕ್ಕೆ ಉಪಕರಣ.

ಇಂಥ ಚಿತ್ರಗಳು ಯಾರ ಮೇಲೆ ಏನು ಮಾಡುತ್ತವೆಂದು ಮೊದಲೇ ಹೇಳಲಾಗದು. 1910ರ ಸುಮಾರಿಗೆ ಮುಂಬಯಿಯಲ್ಲಿ ಕ್ರಿಸ್ತನ ಜೀವನದ ಬೇರೊಂದು ಚಿತ್ರವನ್ನು ನೋಡುತ್ತ ಕುಳಿತ ದಾದಾಸಾಹೇಬ್ ಫಾಲ್ಕೆಯವರಿಗೆ ಪರದೆಯ ಮೇಲೆ ಕಂಡವರು ರಾಮ, ಕೃಷ್ಣ. ಅದರ ಫಲ 1913ರ 'ರಾಜಾ ಹರಿಶ್ಚಂದ್ರ'. ಅಲ್ಲೂ ಬಂಡವಾಳ ಸಾಲದ್ದೇ. ಪತ್ನಿ ಸರಸ್ವತೀಬಾಯಿಯವರು ಒಡವೆ ಕೊಟ್ಟು, ಚಿತ್ರ ತೆಗೆಯುವವರಿಗೆಲ್ಲ ಅಡಿಗೆ ಮಾಡಿ ಹಾಕಿದರು.

ಮೆಲ್ಬರ್ನಿನ ಕಥೆ ಬೇರೆ ದಾರಿ ಹಿಡಿಯಿತು. ಪೆರ್ರಿಯ ಕೈಚಳಕ ಸರಕಾರಗಳ ಗಮನಕ್ಕೂ ಬಂದು, 1901ರ ಜನವರಿ 1ರಂದು ಸಿಡ್ನಿಯಲ್ಲಿ ನಡೆದ ಆಸ್ಟ್ರೇಲಿಯ ಒಕ್ಕೂಟದ ಉದ್ಘಾಟನೆಯನ್ನು ಚಿತ್ರೀಕರಿಸುವ ಕೆಲಸ ಈ ವಿಭಾಗಕ್ಕೇ ದೊರೆಯಿತು. 1902ರಲ್ಲಿ ಬೂತ್ ರಾಜೀನಾಮೆ ಕೊಟ್ಟು 'ಸೋಲ್ಜರ್ಸ್'ನ ಚಿತ್ರಗಳನ್ನೂ ಸ್ಲೈಡುಗಳನ್ನೂ ತಾನೇ ಕೊಂಡು ಅಮೆರಿಕಕ್ಕೆ ಒಯ್ದ. ಪೆರ್ರಿ ಮಾತ್ರ ಉಳಿದು, 1909ರಲ್ಲಿ ಇನ್ನೂ ಎರಡು ಹುತಾತ್ಮರ ಚಿತ್ರಗಳನ್ನು ತೆಗೆದ. ಅಷ್ಟರಲ್ಲಿ ಜೇಮ್ಸ್ ಹೇ ಎಂಬ ಹೊಸ ಮುಖ್ಯಸ್ಥ ಬಂದ. ಸಿನಿಮಾ ಜನರ ಮೋಜಿನ ವಸ್ತುವಾಗಿದೆ, ಸೈನ್ಯದ ಗಾಂಭೀರ್ಯಕ್ಕೆ ಒಗ್ಗದು ಎಂದು ಆತನ ತೀರ್ಮಾನ. 1910ರಲ್ಲಿ ಬಾಗಿಲು ಮುಚ್ಚಿತು. ಸುಮಾರು 300 ಚಿತ್ರಗಳನ್ನು ತೆಗೆದ ಕೈಗಳಿಗೆ ಕೆಲಸವಿಲ್ಲ! ಹೇಯನ್ನು ಬೈಯುವುದು ಸುಲಭ. ಆದರೆ ಅವನೂ ನಂಬಿಕೆಯ ಹೆಸರಿನಲ್ಲೇ ಮಾಡಿದ. ಉಪಕರಣ ಒಡೆಯನಾಗಿಬಿಟ್ಟೀತೆಂಬ ಭಯ ಎಲ್ಲ ಮಠಗಳಿಗೂ ಇದ್ದದ್ದೇ.

'ಸೋಲ್ಜರ್ಸ್'ನ ಚಲಿಸುವ ಭಾಗ ಇಂದು ಎಲ್ಲೂ ಇಲ್ಲ. ಆ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು, ಮದ್ದಿನ ಹತ್ತಿರದ ನೆಂಟ. ಹಳೆಯದಾದಂತೆ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ, ಅವು ತೇವದೊಡನೆ ಆಮ್ಲವಾಗಿ ಉಳಿದುದನ್ನು ಇನ್ನಷ್ಟು ಬೇಗ ತಿನ್ನುತ್ತವೆ. ಮೊದಲು ಅಂಟು, ಕಡೆಗೆ ಕಂದು ಪುಡಿ. ಬೆಂಕಿ ತಗುಲಿದರೆ ನೀರಿನೊಳಗೂ ಉರಿಯುತ್ತದೆ, ಉರಿಯಲು ಬೇಕಾದ ಆಮ್ಲಜನಕ ಅದರ ಒಡಲಲ್ಲೇ ಇದೆ. ಸರಕಾರಕ್ಕಾಗಿ ತೆಗೆದ ಸಿಡ್ನಿಯ ಮೆರವಣಿಗೆಯ ದೃಶ್ಯಗಳು ಉಳಿದಿವೆ. ಟೆನಿಸ್ ಅಂಗಳದ ಹುತಾತ್ಮರದು ಗಾಜಿನ ಸ್ಲೈಡುಗಳಷ್ಟೇ ಉಳಿದು, ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯದಲ್ಲಿವೆ.