ಪಹಣಿಯಲ್ಲಿ ಇಲ್ಲದ ದಾರಿ

ನನ್ನ ತವರು ಟಿ. ನರಸೀಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಪಾಠ ಹೇಳುವುದು ನಂಜನಗೂಡಿನಲ್ಲಿ. ಇಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯ ಪಕ್ಕ ಹರಿದುಹೋಗುವ ಕಪಿಲೆ ಅಲ್ಲಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮಕ್ಕಳಿಗೆ ಜಿಲ್ಲೆಯ ನಕ್ಷೆ ತೋರಿಸುವಾಗಲೆಲ್ಲ ಆ ನೀಲಿ ಗೆರೆಯ ಮೇಲೆ ಕೋಲಿಟ್ಟು, "ಇದೇ ನಮ್ಮ ಹೊಳೆ" ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದೆ. ನಕ್ಷೆ ಎಂದರೇನು ಎಂದು ನನಗೇ ಸರಿಯಾಗಿ ತಿಳಿದದ್ದು ಐವತ್ತು ದಾಟಿದ ಮೇಲೆ, ಅದೂ ಒಂದು ಬೇಲಿಯ ದೆಸೆಯಿಂದ.

ನಮ್ಮ ಗದ್ದೆಗೆ ಹೋಗುವ ಬಂಡಿದಾರಿಗೆ ಮೇಲಿನ ಜಮೀನಿನವರು ಒಂದು ದಿನ ಮುಳ್ಳುಬೇಲಿ ಹಾಕಿದರು. ಅಪ್ಪ ತೀರಿಕೊಂಡು ಪೌತಿ ಖಾತೆಯಾಗಿ ಗದ್ದೆ ಅವ್ವನ ಹೆಸರಿಗೆ ಬಂದಿತ್ತು. ತಮ್ಮ ಕೇಳಲು ಹೋದರೆ, "ದಾರಿ ಅನ್ನೋದು ಪಹಣೀಲಿ ಇದ್ರೆ ತೋರ್ಸಪ್ಪ" ಎಂದರಂತೆ. ಅವನು ಎರಡೂ ಜಮೀನಿನ ಪಹಣಿ ತೆಗೆಸಿಕೊಂಡು ನನ್ನ ಮನೆಗೆ ಬಂದ. ನೋಡಿದೆವು. ದಾರಿ ಎಂಬ ಪದವೇ ಇಲ್ಲ! ಕಚೇರಿಯ ಕಿಟಕಿಯಲ್ಲಿ ವಿಚಾರಿಸಿದರೆ, "ಪಹಣೀಲಿ ಇಲ್ಲ ಅಂದ್ರೆ ಇಲ್ಲ ಅಷ್ಟೆ" ಎಂಬ ಉತ್ತರ. ಸುಗ್ಗಿಗೆ ಹದಿನೈದು ದಿನವೂ ಉಳಿದಿರಲಿಲ್ಲ. ಕೊಯ್ದ ಭತ್ತವನ್ನು ಮನೆಗೆ ತರುವುದು ಹೇಗೆ?

ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಮಗಳು ಆ ವಾರ ಮನೆಗೆ ಬಂದಿದ್ದಳು. ಪಹಣಿಯನ್ನು ತಿರುಗಿಸಿ ನೋಡಿ, "ಅಮ್ಮಾ, ಇದು ಮೇಲಿನ ಹಂತದ ಚಿತ್ರ. ದಾರಿ ಇದರ ಕೆಳಗಿನ ಹಂತದಲ್ಲಿರುತ್ತೆ" ಎಂದಳು. ಅವರ ಕೆಲಸದಲ್ಲಿ ಪ್ರೋಗ್ರಾಂ ಬರೆಯುವ ಮೊದಲು ಮಾದರಿಯ ಚಿತ್ರ ಬರೆಯುತ್ತಾರಂತೆ. ಮೊದಲನೆಯದರಲ್ಲಿ ಇಡೀ ವ್ಯವಸ್ಥೆ ಒಂದು ಚೌಕ, ಅದನ್ನು ಬಳಸುವವರು ಸುತ್ತ. ಎರಡನೆಯದರಲ್ಲಿ ಆ ಚೌಕವನ್ನು ತೆರೆದು ಒಳಗಿನ ಕೋಣೆಗಳು. ಹೀಗೆ ಇಳಿಯುತ್ತಾ ಕೊನೆಗೆ ಪ್ರೋಗ್ರಾಮಿನ ಸಾಲುಗಳು. ಸೈಮನ್ ಬ್ರೌನ್ ಎಂಬವರು ರೂಪಿಸಿದ ಇಂಥ ಒಂದು ಪದ್ಧತಿಯಲ್ಲಿ ನಾಲ್ಕೇ ಹಂತ, ಅವರೂ ಅದನ್ನು ನಕ್ಷೆಗೇ ಹೋಲಿಸುತ್ತಾರೆ. "ಒಬ್ಬ ಊರು ಬರೆದಿರ್ತಾನೆ, ಇನ್ನೊಬ್ಬ ಅದೇ ಹಾಳೆಯಲ್ಲಿ ಅಡುಗೆಮನೆ ಬರೆದಿರ್ತಾನೆ. ನಮ್ಮ ಜಗಳವೆಲ್ಲ ಅಲ್ಲೇ" ಎಂದು ನಕ್ಕಳು. ಅಬ್‌ಸ್ಟ್ರಾಕ್ಷನ್ ಎಂದರೆ ಏನನ್ನು ಬಿಡಬೇಕೆಂದು ತಿಳಿದು ಬಿಡುವುದಂತೆ. ಸೊಸೆಗೆ ಮನೆಯ ಲೆಕ್ಕ ಒಪ್ಪಿಸುವ ಅತ್ತೆಯರಿಗೆ ಇದು ಹೊಸ ವಿದ್ಯೆಯೇನಲ್ಲ ಬಿಡಿ.

ಅವಳು ಹೋದ ಮೇಲೆ ನಾನು ಹಳೆಯ ಪುಸ್ತಕಗಳನ್ನು ಹುಡುಕಿ ಕೂತೆ. ನಮ್ಮ ಸೀಮೆಯನ್ನು ಅಳೆದದ್ದೂ ಹಂತಹಂತವಾಗಿಯೇ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರ ರೇಖೆ ಅಳೆದ. ಎತ್ತರದ ಜಾಗದಿಂದ ಎತ್ತರದ ಜಾಗಕ್ಕೆ ಕಣ್ಣು ಹಾಯಿಸಿ ತ್ರಿಕೋನ ಕಟ್ಟುವುದು ಅವನ ಕೆಲಸ. ಹೊಲ ಗದ್ದೆ ಅವನಿಗೆ ಬೇಕಿರಲಿಲ್ಲ. ಅದೇ ಕಾಲದಲ್ಲಿ ಮೈಸೂರು ಸಂಸ್ಥಾನದ ಸರ್ವೆಗೆ ನಿಂತ ಕಾಲಿನ್ ಮೆಕೆಂಜಿ ಒಂದು ಹಂತ ಇಳಿದ. ಊರು, ಕೆರೆ, ಕೋಟೆ, ದಾರಿಗಳು ಅವನ ನಕ್ಷೆಗೆ ಬಂದವು. ಕಾವಲಿ ವೆಂಕಟ ಬೊರಯ್ಯನಂಥ ಸಹಾಯಕರು ಶಾಸನ, ಕೈಫಿಯತ್ತುಗಳನ್ನೂ ಕಲೆಹಾಕಿದರು. ಅವರಿಲ್ಲದೆ ಮೆಕೆಂಜಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಅವ್ವನ ಗದ್ದೆ ಅವರ್‍ಯಾರ ಕಣ್ಣಿಗೂ ಕಾಣುವಷ್ಟು ದೊಡ್ಡದಲ್ಲ.

ಗದ್ದೆಯ ಬದುವಿಗೇ ಇಳಿದದ್ದು ಕಂದಾಯ ಸರ್ವೆ. ಕಮಿಷನರುಗಳ ಆಡಳಿತ ಕಾಲದಲ್ಲಿ, 1863ರಲ್ಲಿ, ಮೈಸೂರು ಸೀಮೆಯಲ್ಲಿ ಅದು ಆರಂಭವಾಯಿತು. ಮೂವತ್ಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ, 1,089 ಚದರಡಿ. ನಲವತ್ತು ಗುಂಟೆಗೆ ಎಕರೆ. ಮೂಲೆಗೊಂದು ಬಾಂದುಕಲ್ಲು ನೆಟ್ಟು, ಸರಪಳಿ ಹಿಡಿದು ನಡೆದು, ಕಂಡದ್ದನ್ನು ಕೈಯಲ್ಲೇ ಗೀಚಿದ ಹಾಳೆ ಟಿಪ್ಪಣಿ. ಟಿಪ್ಪಣಿಗಳನ್ನೆಲ್ಲ ಕೂಡಿಸಿ ಮೈಲಿಗೆ ಎಂಟು ಅಂಗುಲದ ಪ್ರಮಾಣದಲ್ಲಿ ಗ್ರಾಮ ನಕ್ಷೆ. ಗೆರೆಗಳನ್ನು ಬಿಟ್ಟು ಅಂಕಿಗಳನ್ನಷ್ಟೇ ಉಳಿಸಿಕೊಂಡರೆ ಆಕಾರಬಂದ್. ಅದಕ್ಕೆ ಯಾರ ಜಮೀನು, ಯಾವ ಬೆಳೆ, ಎಷ್ಟು ಸಾಲ ಎಂದು ಸೇರಿಸಿದರೆ ಪಹಣಿ. ನೋಡಿ, ಹಂತ ಏರಿದಂತೆಲ್ಲ ಜನ ಬರುತ್ತಾರೆ, ನೆಲ ಕಾಣೆಯಾಗುತ್ತದೆ. ಜನ ಬಂದರೂ ಹೇಗೆ ಬರುತ್ತಾರೆ? ಗಂಡಸಿಗೆ 'ಬಿನ್', ಹೆಂಗಸಿಗೆ 'ಕೋಂ'. ಅವ್ವನನ್ನು ಹೆತ್ತವರು ಯಾರೆಂಬುದು ಆ ಕಾಗದದಲ್ಲಿ ಇಲ್ಲವೇ ಇಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂತು; ಪಹಣಿಯಲ್ಲಿ 'ಬಿನ್', 'ಕೋಂ' ಅವೇ.

ಮೊದಲು ಈ ಹಂತಗಳ ನಡುವೆ ಓಡಾಡುತ್ತಿದ್ದವರು ಶಾನುಭೋಗರು. ಯಾರ ದಾರಿ ಎಲ್ಲಿ ಎಂಬುದು ಅವರ ತಲೆಯಲ್ಲಿರುತ್ತಿತ್ತು. ತಲೆಯಲ್ಲಿದ್ದುದು ಬೇಕಾದವರ ಕಡೆಗೆ ವಾಲುತ್ತಲೂ ಇತ್ತು ಎನ್ನಿ. ಆ ಕಾಲ ಚೆನ್ನಾಗಿತ್ತೆಂದು ನಾನಂತೂ ಹೇಳಲಾರೆ. 1961ರ ಕಾನೂನು ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರದ್ದುಮಾಡಿತು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗಾಗಿ ಯಾರದೋ ಮನೆಬಾಗಿಲು ಕಾಯುವುದು ತಪ್ಪಿತು, ದೊಡ್ಡ ಉಪಕಾರವೇ. ಆದರೆ ಯಂತ್ರಕ್ಕೆ ಏರಿದ್ದು ಪಹಣಿ. ಕಿಟಕಿಯಲ್ಲಿ ಕೂತವರಿಗೆ ಅದೇ ಜಮೀನಾಗಿಬಿಟ್ಟಿತ್ತು.

ಇಷ್ಟು ತಿಳಿದ ಮೇಲೆ ಮೇಲಿನವರ ಪಹಣಿಯನ್ನು ಮತ್ತೆ ಹಿಡಿದೆ. ಮೂರನೆಯ ಕಲಮಿನಲ್ಲಿ ಸಣ್ಣಗೆ: 'ಖರಾಬು (ಬ) 0-03'. 'ಅ' ಖರಾಬು ಎಂದರೆ ಬೇಸಾಯಕ್ಕೆ ಬಾರದ ನೆಲ. 'ಬ' ಎಂದರೆ ರಸ್ತೆ, ಕಾಲುದಾರಿ, ಹಳ್ಳ ಮುಂತಾಗಿ ಸಾರ್ವಜನಿಕರಿಗೆ ಬಿಟ್ಟದ್ದು. ಮೂರು ಗುಂಟೆಗೆ 3,267 ಚದರಡಿ. ಎಂಟಡಿ ಅಗಲದ ದಾರಿಯಾದರೆ ನಾನೂರು ಅಡಿ ಉದ್ದ. ಮೈ ಜುಮ್ಮೆಂದಿತು. ನಮ್ಮ ಬಂಡಿದಾರಿ ಅಲ್ಲೇ ಇತ್ತು, ಅಂಕಿಯಾಗಿ ಮುದುಡಿಕೊಂಡು!

ಟಿಪ್ಪಣಿಯ ನಕಲಿಗೆ ಅರ್ಜಿ ಹಾಕಿದೆವು. ಬಂದ ಹಾಳೆಯಲ್ಲಿ ಜೋಡುಗೆರೆಯ ದಾರಿ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಸುಗ್ಗಿ ಮುಗಿದಿತ್ತು. ಭತ್ತವನ್ನು ಆಳುಗಳ ತಲೆಯ ಮೇಲೆ ಬದುವಿನಗುಂಟ ಹೊರಿಸಿದ್ದಾಗಿತ್ತು. ಹದ್ದುಬಸ್ತಿಗೆ ದುಡ್ಡು ಕಟ್ಟಿ, ಬೇಸಗೆಯಲ್ಲಿ ಸರ್ವೆಯವರು ಬಂದರು. ಮೂಲೆಯ ಕಲ್ಲು ಸಿಕ್ಕದೆ ಅಳತೆ ಹಿಡಿಯುವಂತಿಲ್ಲ. ಲಂಟಾನದ ಪೊದೆಯಲ್ಲಿ ಒಂದು ಗಂಟೆ ತಡಕಾಡಿದರು. ಬದುವಿನ ಮೇಲೆ ಕೂತಿದ್ದ ಅವ್ವ ಕೊನೆಗೆ ಎದ್ದು, ಕೋಲೂರಿಕೊಂಡು ಹೋಗಿ, ಪೊದೆಯ ಇನ್ನೊಂದು ಮಗ್ಗುಲಿಗೆ ಕೋಲು ಚುಚ್ಚಿದಳು. ಟಣ್ ಎಂದಿತು.

"ಮೊದ್ಲೇ ಹೇಳಬಾರದಿತ್ತೇನಜ್ಜಿ?" ಎಂದರು ಸರ್ವೆಯವರು.

"ನನ್ನ ಯಾರು ಕೇಳಿದ್ರಪ್ಪ? ಮದುವೆಯಾಗಿ ಬಂದಾಗಿಂದ ಹುಲ್ಲಿನ ಹೊರೆ ಇಳಿಸ್ತಿದ್ದದ್ದು ಈ ಕಲ್ಲಿನ ಮ್ಯಾಲೇಯ."